ಅಶ್ವಗಂಧದ ತಳಿಗಳನ್ನು ಹೋಲಿಸುವುದು ಹೇಗೆ? ಹೊಸ ತಳಿ ಅಭಿವೃದ್ಧಿಪಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಅಶ್ವಗಂಧ ಬೆಳೆಯಲು ಹೊರಟವರು ಮೊದಲು ಕೇಳುವುದು ‘ಯಾವ ತಳಿ ಒಳ್ಳೆಯದು?’ ಎಂದು. ಬೆಳೆಗಾರರಿಗೆ ಅದು ಸಹಜವಾದ ಪ್ರಶ್ನೆ. ತಳಿ ಅಭಿವೃದ್ಧಿಗೆ ಕೈಹಾಕುವವರಿಗೆ ಅಷ್ಟು ಸಾಲದು. ಯಾವ ಬಳಕೆಗೆ, ಯಾವ ಮಣ್ಣಿನಲ್ಲಿ, ಎಷ್ಟು ದಿನಕ್ಕೆ ಅಗೆದಾಗ ಎಂಬುದನ್ನು ಸೇರಿಸದೆ ಕೇಳಿದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಔಷಧಿ ಸಸ್ಯಗಳಲ್ಲಿ ಈ ತೊಡಕು ಭತ್ತ, ರಾಗಿಗಳಿಗಿಂತ ಹೆಚ್ಚು. ಧಾನ್ಯವನ್ನು ತೂಗಿದರೆ ಅರ್ಧ ಕೆಲಸ ಮುಗಿಯುತ್ತದೆ. ಇಲ್ಲಿ ಬೇರಿನ ತೂಕದ ಜೊತೆಗೆ ಬೇರಿನೊಳಗಿನ ಸತ್ವವನ್ನೂ ಅಳೆಯಬೇಕು, ಮತ್ತು ಆ ಸತ್ವವು ಗಿಡದ ವಯಸ್ಸು, ಮಣ್ಣು, ಒಣಗಿಸಿದ ರೀತಿ ಎಲ್ಲಕ್ಕೂ ತಕ್ಕಂತೆ ಏರಿಳಿಯುತ್ತದೆ.

ಹಾಗಾಗಿ ಹೋಲಿಕೆಯ ಪ್ರಯೋಗ ಎಂದರೆ ಹತ್ತು ತಳಿಗಳನ್ನು ಪಕ್ಕಪಕ್ಕ ಬಿತ್ತಿ ನೋಡುವುದಲ್ಲ. ಬೀಜದಿಂದ ಬಂದ ವ್ಯತ್ಯಾಸವನ್ನು ಹೊಲದಿಂದ ಬಂದ ವ್ಯತ್ಯಾಸದಿಂದ ಬಿಡಿಸಿ ತೋರಿಸುವುದು ಅದರ ಕೆಲಸ. ಮುಂದಿನ ಪೀಳಿಗೆಗೆ ದಾಟುವುದು ಬೀಜದಿಂದ ಬಂದದ್ದು ಮಾತ್ರ. ಕೆಳಗಿನ ಪ್ರತಿ ಹಂತವೂ ಈ ಬಿಡಿಸುವ ಕೆಲಸಕ್ಕಾಗಿಯೇ ಇದೆ.

ಗಿಡದ ಬಗ್ಗೆ ಮೊದಲು ತಿಳಿದಿರಬೇಕಾದದ್ದು

ನಮ್ಮಲ್ಲಿ ಹಿರೇಮದ್ದಿನ ಗಿಡ ಎಂದೂ ಕರೆಯುವ ಅಶ್ವಗಂಧ ಬದನೆ, ಟೊಮೆಟೊ, ಮೆಣಸಿನಕಾಯಿಗಳ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರದ ಹೆಸರು ವಿಥಾನಿಯ ಸೋಮ್ನಿಫೆರಾ. ಜೀವಕೋಶದಲ್ಲಿ 48 ವರ್ಣತಂತುಗಳು. ಹೂವು ಚಿಕ್ಕದು, ಹಸಿರು ಮಿಶ್ರಿತ ಹಳದಿ. ಮುಖ್ಯವಾಗಿ ಸ್ವಕೀಯ ಪರಾಗಸ್ಪರ್ಶದ ಗಿಡವಾದರೂ ಜೇನು ಮತ್ತಿತರ ಕೀಟಗಳಿಂದ ಸ್ವಲ್ಪ ಪ್ರಮಾಣದಲ್ಲಿ ಪರಕೀಯ ಪರಾಗವೂ ಬೀಳುತ್ತದೆ. ಈ ‘ಸ್ವಲ್ಪ’ವನ್ನು ಕಡೆಗಣಿಸಿದರೆ ಎರಡು ಮೂರು ಪೀಳಿಗೆಯಲ್ಲಿ ತಳಿ ಕಲಬೆರಕೆಯಾಗುತ್ತದೆ.

ಕಾಡು, ಬಯಲುಗಳಲ್ಲಿ ತಾನಾಗಿ ಬೆಳೆಯುವ ಗಿಡ ಬಹುವಾರ್ಷಿಕ ಪೊದೆ. ಎತ್ತರವಾಗಿ ಬೆಳೆಯುತ್ತದೆ, ಬೇರು ಕಟ್ಟಿಗೆಯಂತೆ ನಾರುನಾರು. ಬೇಸಾಯದ ಗಿಡ ಗಿಡ್ಡ, ಒಂದೇ ಹಂಗಾಮಿನದು, ಬೇರಿನಲ್ಲಿ ಪಿಷ್ಟ ಹೆಚ್ಚು. ಇವೆರಡರ ಅಂತರ ಎಷ್ಟೆಂದರೆ, ಬೇಸಾಯದ ಗಿಡವನ್ನು ಬೇರೆ ಪ್ರಭೇದವೆಂದೇ ಪರಿಗಣಿಸಬೇಕೆಂದು ಕೆಲವು ಸಸ್ಯವಿಜ್ಞಾನಿಗಳು ವಾದಿಸಿದ್ದಾರೆ. ವ್ಯಾಪಾರದಲ್ಲಿ ಹೆಸರಾದ ‘ನಾಗೋರಿ’ ಅಶ್ವಗಂಧ ರಾಜಸ್ಥಾನದ ನಾಗೌರ್ ಕಡೆಯದು. ಇಂದಿನ ದೊಡ್ಡ ಬೇಸಾಯ ಮತ್ತು ಮಾರುಕಟ್ಟೆ ಇರುವುದು ಮಧ್ಯಪ್ರದೇಶದ ನೀಮಚ್, ಮಂದಸೌರ್ ಜಿಲ್ಲೆಗಳಲ್ಲಿ. ಕರ್ನಾಟಕದ ಒಣ ಪ್ರದೇಶದ ರೈತರೂ ಬೆಳೆಯುತ್ತಾರೆ.

ಬೇರಿನ ಗುಣಕ್ಕೆ ಕಾರಣವಾದ ಮುಖ್ಯ ರಾಸಾಯನಿಕಗಳನ್ನು ಒಟ್ಟಾಗಿ ವಿಥನೊಲೈಡ್‌ಗಳು ಎನ್ನುತ್ತಾರೆ. ವಿಥಫೆರಿನ್-ಎ, ವಿಥನೊಲೈಡ್-ಎ, ವಿಥನೋನ್ ಇವುಗಳಲ್ಲಿ ಹೆಚ್ಚು ಚರ್ಚೆಯಾಗುವವು. ವಿಥಫೆರಿನ್-ಎ ಮತ್ತು ವಿಥನೋನ್ ಎಲೆಯಲ್ಲಿ ಹೆಚ್ಚು, ವಿಥನೊಲೈಡ್-ಎ ಬೇರಿನಲ್ಲಿ ಹೆಚ್ಚು. 1960ರ ದಶಕದಲ್ಲಿ ಇಸ್ರೇಲಿನ ವಿಜ್ಞಾನಿಗಳು ತಮ್ಮ ದೇಶದ ಬೇರೆಬೇರೆ ಕಡೆಯ ಗಿಡಗಳನ್ನು ಪರೀಕ್ಷಿಸಿ, ಒಂದೇ ಪ್ರಭೇದದ ಗಿಡಗಳು ರಾಸಾಯನಿಕವಾಗಿ ಬೇರೆಬೇರೆ ಗುಂಪುಗಳಿಗೆ ಸೇರುತ್ತವೆಂದು ತೋರಿಸಿದರು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಗಿಡಗಳ ಒಳಗಿನ ಸತ್ವ ಪೂರ್ತಿ ಬೇರೆಯಾಗಿರಬಹುದು. ತಳಿ ಅಭಿವೃದ್ಧಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ. ವೈವಿಧ್ಯ ಇಲ್ಲದಿದ್ದರೆ ಆಯ್ಕೆ ಮಾಡಲು ಏನೂ ಇರುವುದಿಲ್ಲ.

ಹಂತ 1: ಯಾರಿಗಾಗಿ ಈ ತಳಿ ಎಂದು ಬರೆದಿಡಿ

ಬೀಜ ಹುಡುಕುವ ಮೊದಲು ಒಂದು ಹಾಳೆಯಲ್ಲಿ ಗುರಿ ಬರೆಯಿರಿ. ಅಶ್ವಗಂಧದ ಬೇರು ಎರಡು ದಾರಿಯಲ್ಲಿ ಹೋಗುತ್ತದೆ. ಚೂರ್ಣ, ಲೇಹ್ಯ ಮಾಡುವವರು ಇಡೀ ಬೇರನ್ನು ಕೊಳ್ಳುತ್ತಾರೆ. ಅವರಿಗೆ ದಪ್ಪ, ನೇರ, ಬಿಳಿಯ, ಪಟಕ್ಕನೆ ಮುರಿಯುವ ಬೇರು ಬೇಕು. ಸಾರ ತೆಗೆಯುವ ಕಾರ್ಖಾನೆಗೆ ಬೇರಿನ ಅಂದ ಮುಖ್ಯವಲ್ಲ, ವಿಥನೊಲೈಡ್ ಪ್ರಮಾಣ ಮುಖ್ಯ. ಈ ಎರಡು ಗುರಿಗಳು ಒಂದಕ್ಕೊಂದು ಎದುರಾಗಬಹುದು: ಪಿಷ್ಟ ತುಂಬಿದ ದಪ್ಪ ಬೇರಿನಲ್ಲಿ ಸತ್ವದ ಶೇಕಡಾವಾರು ಪ್ರಮಾಣ ಕಡಿಮೆ ಇರುವ ಸಾಧ್ಯತೆಯಿದೆ, ತೆಳು ಬೇರಿನಲ್ಲಿ ತೊಗಟೆಯ ಪಾಲು ಹೆಚ್ಚು.

ನನ್ನ ಅಭಿಪ್ರಾಯ ಸ್ಪಷ್ಟ: ಎರಡನ್ನೂ ಒಂದೇ ತಳಿಯಲ್ಲಿ ತರುತ್ತೇನೆಂದು ಮೊದಲ ಪ್ರಯೋಗದಲ್ಲೇ ಹೊರಡಬೇಡಿ. ಒಂದನ್ನು ಮುಖ್ಯ ಗುರಿಯಾಗಿ ಇಟ್ಟುಕೊಂಡು, ಇನ್ನೊಂದಕ್ಕೆ ‘ಇದಕ್ಕಿಂತ ಕೆಳಗೆ ಇಳಿಯಬಾರದು’ ಎಂಬ ಗೆರೆ ಎಳೆಯಿರಿ. ಎಲೆಯ ಇಳುವರಿಯನ್ನು ಗುರಿಯಾಗಿ ಹಾಕಿಕೊಳ್ಳಬೇಡಿ. 2021ರಲ್ಲಿ ಆಯುಷ್ ಸಚಿವಾಲಯವು ಅಶ್ವಗಂಧದ ಎಲೆಯನ್ನು ಉತ್ಪನ್ನಗಳಲ್ಲಿ ಬಳಸದಂತೆ ತಯಾರಕರಿಗೆ ಸೂಚನೆ ಕೊಟ್ಟಿದೆ. ಶಾಸ್ತ್ರೋಕ್ತ ಬಳಕೆಯೂ ಬೇರಿನದೇ.

ಹಂತ 2: ತಳಿಗಳನ್ನು ಕೂಡಿಸುವುದು

ಮೂರು ಮೂಲಗಳಿಂದ ಬೀಜ ತರಬೇಕು.

ಮೊದಲನೆಯದು ಬಿಡುಗಡೆಯಾದ ತಳಿಗಳು. ಮಧ್ಯಪ್ರದೇಶದ ಕೃಷಿ ಸಂಶೋಧನೆಯಿಂದ ಬಂದ ಜವಾಹರ್ ಅಸಗಂಧ-20, ಜವಾಹರ್ ಅಸಗಂಧ-134 ಮತ್ತು ರಾಜ್ ವಿಜಯ್ ಅಶ್ವಗಂಧ-100; ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ (ಸೀಮ್ಯಾಪ್) ಪೋಷಿತಾ, ರಕ್ಷಿತಾ, ಪ್ರತಾಪ್, ಚೇತಕ್, ಪುಷ್ಟಿ; ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಶ್ವಗಂಧ. ಸಾಧ್ಯವಾದಷ್ಟನ್ನು ಬಿಡುಗಡೆ ಮಾಡಿದ ಸಂಸ್ಥೆಯಿಂದಲೇ ಪಡೆಯಿರಿ. ಅಂಗಡಿಯಲ್ಲಿ ಇದೇ ಹೆಸರಿನಲ್ಲಿ ಸಿಗುವ ಬೀಜ ಇದೇ ತಳಿಯದೆಂದು ನಂಬಿ ಪ್ರಯೋಗ ಕಟ್ಟಿದರೆ ಮುಂದಿನ ಲೆಕ್ಕವೆಲ್ಲ ಹುಸಿ.

ಎರಡನೆಯದು ರೈತರು ವರ್ಷಗಳಿಂದ ಉಳಿಸಿಕೊಂಡು ಬಂದ ಬೀಜ. ಒಂದು ಊರಿನ ಬೀಜದೊಳಗೇ ಹಲವು ಬಗೆಯ ಗಿಡಗಳಿರುತ್ತವೆ. ಹೊಸ ತಳಿ ಇಂಥದ್ದರಿಂದ ನೇರ ಆಯ್ಕೆಯಿಂದಲೇ ಬರಬಹುದು, ಸಂಕರಣವೇ ಬೇಕಾಗಲಿಕ್ಕಿಲ್ಲ.

ಮೂರನೆಯದು ಕಾಡುಬಗೆ. ರೋಗ ತಡೆಯುವ ಗುಣ, ಬರ ಸಹಿಸುವ ಗುಣ, ವಿಶಿಷ್ಟ ರಾಸಾಯನಿಕ ಗುಣಗಳಿಗಾಗಿ ಇವು ಬೇಕು. ಪ್ರತಿ ಸಂಗ್ರಹಕ್ಕೂ ಒಂದು ಸಂಖ್ಯೆ ಕೊಟ್ಟು ಊರು, ತಾಲ್ಲೂಕು, ಅಕ್ಷಾಂಶ–ರೇಖಾಂಶ, ಮಣ್ಣು, ಗಿಡದ ಎತ್ತರ, ಕಾಯಿಯ ಬಣ್ಣ, ಸಂಗ್ರಹದ ದಿನಾಂಕ ಬರೆಯಿರಿ. ಮೊಬೈಲಿನಲ್ಲಿ ಗಿಡದ ಮತ್ತು ಸುತ್ತಲಿನ ಜಾಗದ ಚಿತ್ರ ತೆಗೆದಿಡಿ. ಒಂದೇ ಗಿಡದಿಂದ ಬೀಜ ತರಬೇಡಿ. ಹತ್ತಾರು ಗಿಡಗಳಿಂದ ಬೇರೆಬೇರೆ ಲಕೋಟೆಗಳಲ್ಲಿ ತನ್ನಿ. ಅರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸಿ.

ಇವೆಲ್ಲದರ ಜೊತೆಗೆ ಒಂದು ‘ಮಾನದಂಡ ತಳಿ’ ಆರಿಸಿಕೊಳ್ಳಿ. ನಿಮ್ಮ ಭಾಗದಲ್ಲಿ ಈಗಾಗಲೇ ಚೆನ್ನಾಗಿ ಬರುತ್ತಿರುವ ಒಂದು ತಳಿ ಸಾಕು. ಎಲ್ಲ ಹೋಲಿಕೆಯೂ ಅದರ ಎದುರಿನಲ್ಲೇ ನಡೆಯುತ್ತದೆ, ಪ್ರತಿ ವರ್ಷವೂ ಅದೇ ಇರಬೇಕು.

ಹಂತ 3: ಎಲ್ಲ ಬೀಜವನ್ನೂ ಒಂದೇ ವಯಸ್ಸಿಗೆ ತನ್ನಿ

ಅವಸರದಲ್ಲಿ ಬಿಟ್ಟುಹೋಗುವ ಹಂತ ಇದು. ಅಶ್ವಗಂಧದ ಬೀಜ ಹಳೆಯದಾದಂತೆ ಬೇಗ ಮೊಳಕೆಯೊಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ತಳಿಯ ಬೀಜ ಈ ವರ್ಷದ್ದು, ಇನ್ನೊಂದರದು ಎರಡು ವರ್ಷ ಹಳೆಯದು ಎಂದಾದರೆ ನೀವು ಹೋಲಿಸುತ್ತಿರುವುದು ಬೀಜದ ವಯಸ್ಸನ್ನೇ ಹೊರತು ತಳಿಯನ್ನಲ್ಲ. ಆದ್ದರಿಂದ ಒಂದು ಹಂಗಾಮು ಎಲ್ಲವನ್ನೂ ಒಂದೇ ಮಡಿಯಲ್ಲಿ ಬೆಳೆದು, ಹೂ ಬಿಡುವ ಮುನ್ನ ಕೊಂಬೆಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಅದರೊಳಗೆ ಹಣ್ಣಾದ ಕಾಯಿಗಳಿಂದ ಮಾತ್ರ ಬೀಜ ತೆಗೆಯಿರಿ. ಹಣ್ಣನ್ನು ಹಿಸುಕಿ, ನೀರಿನಲ್ಲಿ ತೊಳೆದು, ತೇಲುವ ಜೊಳ್ಳು ಚೆಲ್ಲಿ, ನೆರಳಿನಲ್ಲಿ ಒಣಗಿಸಿ. ಒಂದು ವರ್ಷ ಹೋಯಿತೆಂದು ಅನಿಸಬಹುದು. ಹೋಗಿಲ್ಲ: ಹೂ ಬಿಡುವ ದಿನ, ಕಾಯಿಯ ಬಣ್ಣ, ಕಲಬೆರಕೆ ಗಿಡಗಳು ಎಲ್ಲ ಈ ವರ್ಷವೇ ಗೊತ್ತಾಗುತ್ತವೆ.

ಬಿತ್ತುವ ಮೊದಲು ಪ್ರತಿ ತಳಿಯ 100 ಬೀಜಗಳ ನಾಲ್ಕು ಗುಂಪು ಮಾಡಿ, ಒದ್ದೆ ಕಾಗದದಲ್ಲಿ ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಟ್ಟು ಮೊಳಕೆ ಎಣಿಸಿ. ಮೊಳಕೆ ಕಡಿಮೆ ಇರುವ ತಳಿಗೆ ಬೀಜದ ಪ್ರಮಾಣ ಅದಕ್ಕೆ ತಕ್ಕಂತೆ ಹೆಚ್ಚಿಸಿ. ಹೊಲದಲ್ಲಿ ಪ್ರತಿ ತಾಕಿನಲ್ಲೂ ಗಿಡಗಳ ಸಂಖ್ಯೆ ಸಮವಾಗಿರಬೇಕು.

ಹಂತ 4: ಹೊಲದ ನಕ್ಷೆ

ಹೋಲಿಕೆಯ ಬೆಲೆ ನಿರ್ಧಾರವಾಗುವುದು ಇಲ್ಲಿ. ನೀರು ನಿಲ್ಲದ ಮರಳು ಮಿಶ್ರಿತ ಗೋಡು ಅಥವಾ ಹಗುರವಾದ ಕೆಂಪು ಮಣ್ಣು ಆರಿಸಿ, ರಸಸಾರ 7.5ರಿಂದ 8 ಇದ್ದರೆ ಒಳ್ಳೆಯದು. ಅಗೆಯುವಾಗ ಬೇರು ತುಂಡಾಗದ, ಆಳದವರೆಗೆ ಸಡಿಲವಿರುವ ಮಣ್ಣು ಬೇಕು.

ಎಂಟು ತಳಿ, ನಾಲ್ಕು ಪುನರಾವರ್ತನೆ ಎಂದಿಟ್ಟುಕೊಳ್ಳೋಣ. ಒಟ್ಟು 32 ತಾಕು. ಹೊಲವನ್ನು ನಾಲ್ಕು ಪಟ್ಟಿಗಳಾಗಿ ಭಾಗಿಸಿ. ಇಳಿಜಾರು ಪೂರ್ವದಿಂದ ಪಶ್ಚಿಮಕ್ಕಿದ್ದರೆ ಪಟ್ಟಿಗಳು ಉತ್ತರ–ದಕ್ಷಿಣವಾಗಿ, ಅಂದರೆ ಇಳಿಜಾರಿಗೆ ಅಡ್ಡವಾಗಿ ಇರಬೇಕು. ಆಗ ಒಂದು ಪಟ್ಟಿಯೊಳಗಿನ ಎಂಟೂ ತಾಕುಗಳ ಮಣ್ಣು, ತೇವ ಹೆಚ್ಚುಕಡಿಮೆ ಒಂದೇ. ಪ್ರತಿ ಪಟ್ಟಿಯಲ್ಲೂ ಎಂಟೂ ತಳಿಗಳು ಒಮ್ಮೊಮ್ಮೆ ಬರಬೇಕು. ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಪ್ರತಿ ಪಟ್ಟಿಗೂ ಹೊಸದಾಗಿ ಎತ್ತಿ. ನಾಲ್ಕೂ ಪಟ್ಟಿಗಳಲ್ಲಿ ಒಂದೇ ಕ್ರಮ ಇಟ್ಟರೆ ಒಂದು ತಳಿಯ ಪಕ್ಕದಲ್ಲಿ ಯಾವಾಗಲೂ ಅದೇ ಎತ್ತರದ ನೆರೆಯ ತಳಿ ನಿಂತು ನೆರಳು ಹಾಕುತ್ತದೆ.

ತಾಕಿನ ಅಳತೆ 3 ಮೀಟರ್ ಉದ್ದ, 2.4 ಮೀಟರ್ ಅಗಲ ಇರಲಿ. 30 ಸೆಂ.ಮೀ. ಅಂತರದಲ್ಲಿ ಎಂಟು ಸಾಲು, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಳತೆ ತೆಗೆದುಕೊಳ್ಳುವಾಗ ಎರಡೂ ಅಂಚಿನ ಒಂದೊಂದು ಸಾಲನ್ನೂ, ಸಾಲಿನ ಎರಡು ತುದಿಗಳಲ್ಲಿ 25 ಸೆಂ.ಮೀ.ಯನ್ನೂ ಬಿಟ್ಟುಬಿಡಿ. ಉಳಿಯುವುದು ಆರು ಸಾಲು, 2.5 ಮೀಟರ್ ಉದ್ದ, 150 ಗಿಡ. ಅಂಚಿನ ಗಿಡಕ್ಕೆ ಬೆಳಕು, ಜಾಗ ಹೆಚ್ಚು ಸಿಗುವುದರಿಂದ ಅದರ ಬೇರು ಸುಳ್ಳು ಹೇಳುತ್ತದೆ. ಪ್ರಯೋಗದ ಸುತ್ತ ಮಾನದಂಡ ತಳಿಯ ಎರಡು ಸಾಲು ಬೇಲಿಯಂತೆ ಬಿತ್ತಿ.

ಸಂಗ್ರಹಗಳು ಐವತ್ತೋ ನೂರೋ ಇದ್ದು ಪ್ರತಿಯೊಂದರ ಬೀಜ ಹಿಡಿಯಷ್ಟೇ ಇದ್ದರೆ ಈ ವಿನ್ಯಾಸ ಆಗುವುದಿಲ್ಲ. ಆಗ ಮೂರು–ನಾಲ್ಕು ಬಿಡುಗಡೆಯಾದ ತಳಿಗಳನ್ನು ಪ್ರತಿ ಪಟ್ಟಿಯಲ್ಲೂ ಹಾಕಿ, ಸಂಗ್ರಹಗಳನ್ನು ಒಂದೊಂದು ಸಲ ಮಾತ್ರ ನಡುವೆ ಹಂಚುವ ‘ವರ್ಧಿತ ವಿನ್ಯಾಸ’ ಬಳಸಬೇಕು. ಸಂಖ್ಯಾಶಾಸ್ತ್ರಜ್ಞ ಫೆಡರರ್ 1956ರಲ್ಲಿ ಮುಂದಿಟ್ಟ ವಿಧಾನ ಇದು. ಎಲ್ಲ ಪಟ್ಟಿಗಳಲ್ಲೂ ಇರುವ ತಳಿಗಳು ಮಣ್ಣಿನ ವ್ಯತ್ಯಾಸವನ್ನು ಹೇಳುತ್ತವೆ, ಅದನ್ನು ಕಳೆದು ಸಂಗ್ರಹಗಳನ್ನು ಹೋಲಿಸಬಹುದು. ಮೊದಲ ವರ್ಷ ಇದರಿಂದ ಸೋಸಿ, ಎರಡನೆಯ ವರ್ಷ ಉಳಿದವನ್ನು ಪೂರ್ಣ ಪುನರಾವರ್ತನೆಯ ಪ್ರಯೋಗಕ್ಕೆ ತನ್ನಿ.

ಹಂತ 5: ಬಿತ್ತನೆ ಮತ್ತು ಆರೈಕೆ

ಜೋರು ಮಳೆಯ ಹೊಡೆತ ತಗ್ಗಿದ ಮೇಲೆ, ಜುಲೈ ಕೊನೆಯಿಂದ ಆಗಸ್ಟ್ ಒಳಗೆ ಬಿತ್ತಬಹುದು. ಎಲ್ಲ ತಾಕುಗಳ ಬಿತ್ತನೆ ಒಂದೇ ದಿನ ಮುಗಿಯಬೇಕು. ಆಗದಿದ್ದರೆ ಕನಿಷ್ಠ ಒಂದು ಪಟ್ಟಿಯನ್ನಾದರೂ ಒಂದೇ ದಿನ ಪೂರ್ತಿ ಮಾಡಿ. ಬೀಜವನ್ನು ಮರಳಿನೊಂದಿಗೆ ಬೆರೆಸಿ ಒಂದರಿಂದ ಎರಡು ಸೆಂ.ಮೀ. ಆಳಕ್ಕೆ ಸಾಲಿನಲ್ಲಿ ಉದುರಿಸಿ, 25–30 ದಿನಕ್ಕೆ ಹೆಚ್ಚಿನ ಸಸಿ ಕಿತ್ತು ಅಂತರ ಸರಿಮಾಡಿ. ಕೀಳುವಾಗ ಚೆನ್ನಾಗಿರುವುದನ್ನು ಉಳಿಸಿ ಸಣ್ಣದನ್ನು ಕೀಳಬೇಡಿ; ಅಂತರ ನೋಡಿ ಕೀಳಿ. ಇಲ್ಲದಿದ್ದರೆ ಒಂದು ತಾಕಿನಲ್ಲಿ ನೀವೇ ಆಯ್ಕೆ ಮಾಡಿಬಿಟ್ಟಿರುತ್ತೀರಿ.

ಕೊಟ್ಟಿಗೆ ಗೊಬ್ಬರ ಸಮನಾಗಿ ಹರಡಿ. ಸಾರಜನಕ ಅತಿಯಾದರೆ ಗಿಡ ಎಲೆಯಲ್ಲಿ ಹಿಗ್ಗುತ್ತದೆ, ಬೇರು ಹಿಂದುಳಿಯುತ್ತದೆ. ಕೀಟ, ರೋಗ ಬಂದಾಗ ಸಿಂಪಡಿಸಲು ಧಾವಿಸಬೇಡಿ, ಮೊದಲು ಎಣಿಸಿ. ಬದನೆಯ ಎಲೆಯನ್ನು ಜರಡಿಯಂತೆ ಕೆರೆದು ತಿನ್ನುವ ಇಪ್ಪತ್ತೆಂಟು ಚುಕ್ಕೆಯ ದುಂಬಿ ಅಶ್ವಗಂಧದ ಮುಖ್ಯ ಶತ್ರು. ಎಲೆಚುಕ್ಕೆ ರೋಗ, ಬೇರುಗಂಟು ಜಂತುಹುಳು, ಸಸಿ ಕೊಳೆಯುವ ರೋಗವೂ ಉಂಟು. ಯಾವ ತಳಿಯ ಮೇಲೆ ಎಷ್ಟು ಎಂಬ ಅಂಕಿ ನಿಮಗೆ ಬೇಕಾದ ಮಾಹಿತಿಯೇ. ತಡೆಯಲೇಬೇಕಾದ ಹಂತಕ್ಕೆ ಬಂದರೆ ಎಲ್ಲ ತಾಕಿಗೂ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಬೇವು ಆಧಾರಿತ ಕಷಾಯ ಸಿಂಪಡಿಸಿ.

ಹಂತ 6: ಏನನ್ನು ಅಳೆಯಬೇಕು

ಪ್ರತಿ ತಾಕಿನ ನಡುವಿನ ಆರು ಸಾಲಿನಿಂದ ಹತ್ತು ಗಿಡಗಳನ್ನು ಚೀಟಿ ಹಾಕಿಯೇ ಆರಿಸಿ, ಸಂಖ್ಯೆಯ ಪಟ್ಟಿ ಕಟ್ಟಿ. ಕಣ್ಣಿಗೆ ಹಿಡಿಸಿದ ಗಿಡಕ್ಕೆ ಕಟ್ಟುವ ಆಸೆಯನ್ನು ತಡೆಯಬೇಕು.

ಗಿಡ ನಿಂತಿರುವಾಗ ಬರೆಯಬೇಕಾದವು: ಅರ್ಧದಷ್ಟು ಗಿಡಗಳು ಹೂ ಬಿಟ್ಟ ದಿನ, ಎತ್ತರ, ಕೊಂಬೆಗಳ ಸಂಖ್ಯೆ, ಎಲೆಯ ಉದ್ದಗಲ, ಕಾಯಿಯ ಬಣ್ಣ, ಒಂದು ಗಿಡದ ಕಾಯಿಗಳು, ದುಂಬಿ ಮತ್ತು ಎಲೆಚುಕ್ಕೆಯ ತೀವ್ರತೆ. ಅಗೆದ ಮೇಲೆ: ಬೇರಿನ ಉದ್ದ, ಕಾಂಡ ಸೇರುವಲ್ಲಿಂದ ಸ್ವಲ್ಪ ಕೆಳಗೆ ಬೇರಿನ ದಪ್ಪ, ಕವಲು ಬೇರುಗಳ ಸಂಖ್ಯೆ, ಹಸಿ ತೂಕ, ಒಣ ತೂಕ. ಇವುಗಳಲ್ಲಿ ಕವಲಿನ ಎಣಿಕೆಯನ್ನು ಬಿಡಬೇಡಿ. ಒಂದೇ ನೇರ ಬೇರಿನ ಗಿಡಕ್ಕೂ ನಾಲ್ಕಾರು ಸಣ್ಣ ಕವಲಿನ ಗಿಡಕ್ಕೂ ತೂಕ ಸಮ ಇರಬಹುದು, ಮಾರುಕಟ್ಟೆಯಲ್ಲಿ ಅವೆರಡರ ದರ್ಜೆ ಬೇರೆ.

ಇನ್ನು ಬೇರಿನ ಬೆಳೆಗಳಲ್ಲಿ ಮಾತ್ರ ಎದುರಾಗುವ ಒಂದು ಸಂಗತಿ. ಬೇರು ನೋಡಬೇಕಾದರೆ ಗಿಡ ಕೀಳಬೇಕು, ಕಿತ್ತ ಮೇಲೆ ಅದರಿಂದ ಬೀಜ ಸಿಗುವುದಿಲ್ಲ. ಅಶ್ವಗಂಧದ ಅದೃಷ್ಟವೆಂದರೆ ಬೇರು ಅಗೆಯುವ ಹೊತ್ತಿಗೆ ಕಾಯಿಗಳು ಕೆಂಪಾಗಿ ಹಣ್ಣಾಗಿರುತ್ತವೆ. ಆದ್ದರಿಂದ ಗುರುತಿಸಿದ ಪ್ರತಿ ಗಿಡದಲ್ಲೂ ಮುಂಚಿತವಾಗಿ ಕೆಲವು ಕೊಂಬೆಗಳಿಗೆ ಚೀಲ ಕಟ್ಟಿ, ಅಗೆಯುವ ಮುನ್ನ ಆ ಹಣ್ಣುಗಳನ್ನು ಕೊಯ್ದು, ಗಿಡದ ಸಂಖ್ಯೆಯನ್ನೇ ಲಕೋಟೆಯ ಮೇಲೂ ಬೇರಿನ ಚೀಲದ ಮೇಲೂ ಬರೆಯಿರಿ. ಬೇರಿನ ಫಲಿತಾಂಶ ಬಂದ ಮೇಲೆ ಲಕೋಟೆ ತೆರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಒದ್ದೆಯಲ್ಲಿ ಹರಡುತ್ತದೆ. ಎರಡನೆಯ ಚೀಟಿಯನ್ನು ಒಳಗೂ ಹಾಕಿ. ಈ ಒಂದು ಶಿಸ್ತು ಇಲ್ಲದಿದ್ದರೆ ನಿಮ್ಮ ಅತ್ಯುತ್ತಮ ಗಿಡ ಪರೀಕ್ಷೆಯಲ್ಲೇ ಪುಡಿಯಾಗಿ ಮುಗಿದುಹೋಗುತ್ತದೆ.

ಹಂತ 7: ಅಗೆಯುವುದು, ಒಣಗಿಸುವುದು, ದರ್ಜೆ ಮಾಡುವುದು

ಸಾಮಾನ್ಯವಾಗಿ 150ರಿಂದ 180 ದಿನಕ್ಕೆ ಎಲೆ ಹಳದಿಯಾಗಿ, ಕಾಯಿ ಕೆಂಪಾದಾಗ ಬೆಳೆ ಸಿದ್ಧ. ಇಲ್ಲಿ ಒಂದು ಕಗ್ಗಂಟಿದೆ. ಬೇಗ ಮಾಗುವ ತಳಿಯನ್ನೂ ತಡವಾಗಿ ಮಾಗುವ ತಳಿಯನ್ನೂ ಒಂದೇ ದಿನ ಅಗೆಯಬೇಕೆ, ಅವವು ಮಾಗಿದಾಗ ಅಗೆಯಬೇಕೆ? ಎರಡೂ ಮಾಡಿ. ಪ್ರತಿ ತಾಕಿನ ಆರು ಸಾಲುಗಳಲ್ಲಿ ಮೂರನ್ನು ಎಲ್ಲ ತಳಿಗಳಿಗೂ ಒಂದೇ ದಿನ, ಉದಾಹರಣೆಗೆ 165ನೆಯ ದಿನ ಅಗೆಯಿರಿ. ಉಳಿದ ಮೂರನ್ನು ಆಯಾ ತಳಿ ಮಾಗಿದ ದಿನ ಅಗೆಯಿರಿ. ಗುರುತಿಸಿದ ಹತ್ತು ಗಿಡಗಳಲ್ಲಿ ಅರ್ಧರ್ಧ ಎರಡೂ ಭಾಗಗಳಲ್ಲಿ ಇರುವಂತೆ ಮೊದಲೇ ನೋಡಿಕೊಳ್ಳಿ. ಮೊದಲ ಅಗೆತದಲ್ಲಿ ಹಿಂದುಳಿದ ತಳಿ ಎರಡನೆಯದರಲ್ಲಿ ಮುಂದೆ ಬಂದರೆ, ಅದು ದುರ್ಬಲ ತಳಿಯಲ್ಲ, ನಿಧಾನವಾಗಿ ಮಾಗುವ ತಳಿ.

ಅಗೆಯುವ ಮುನ್ನ ಹಗುರವಾಗಿ ನೀರು ಹಾಯಿಸಿ, ಮಣ್ಣು ಹದಕ್ಕೆ ಬಂದಾಗ ಅಗೆಯಿರಿ. ತುದಿಯ ತೆಳು ಬೇರುಗಳು ಮಣ್ಣಿನಲ್ಲೇ ಉಳಿಯದಂತೆ ಎಲ್ಲ ತಾಕಿನಲ್ಲೂ ಒಂದೇ ಆಳಕ್ಕೆ ಗುದ್ದಲಿ ಹೋಗಬೇಕು. ಬೇರನ್ನು ಕಾಂಡದಿಂದ ಬೇರ್ಪಡಿಸಿ, ತೊಳೆದು, 7–10 ಸೆಂ.ಮೀ. ತುಂಡು ಮಾಡಿ, ನೆರಳಿನಲ್ಲಿ ತೇವ ಶೇ. 10ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಿ. ಎಲ್ಲ ತಳಿಗಳೂ ಒಂದೇ ಜಾಗದಲ್ಲಿ, ಒಂದೇ ದಪ್ಪದ ಪದರದಲ್ಲಿ ಒಣಗಬೇಕು.

ವ್ಯಾಪಾರದ ದರ್ಜೆಗಳನ್ನೂ ದಾಖಲಿಸಿ. ಎ ದರ್ಜೆ ಎಂದರೆ 7 ಸೆಂ.ಮೀ.ವರೆಗಿನ ಉದ್ದ, 1ರಿಂದ 1.5 ಸೆಂ.ಮೀ. ದಪ್ಪ, ಒಳಗೆ ಅಚ್ಚ ಬಿಳುಪು, ಬಾಗಿಸಿದರೆ ಪಟಕ್ಕನೆ ಮುರಿಯುವ ತುಂಡು. ಬಿ ದರ್ಜೆ 5 ಸೆಂ.ಮೀ.ವರೆಗೆ ಉದ್ದ, 1 ಸೆಂ.ಮೀ. ದಪ್ಪ. ಸಿ ದರ್ಜೆ 3–4 ಸೆಂ.ಮೀ., ಇನ್ನೂ ತೆಳು. ಡಿ ದರ್ಜೆ ಸಣ್ಣ, ಟೊಳ್ಳು, ಹಳದಿ ಬಣ್ಣದ್ದು. ಪ್ರತಿ ತಾಕಿನ ಒಣಬೇರಿನಲ್ಲಿ ಎ ಮತ್ತು ಬಿ ಸೇರಿ ಶೇಕಡಾ ಎಷ್ಟು ಎಂದು ತೂಗಿ. ಮುರಿದು ನೋಡುವ ಪರೀಕ್ಷೆಗೆ ಖರ್ಚಿಲ್ಲ, ಆದರೆ ನಾರಿನ ಪ್ರಮಾಣದ ಬಗ್ಗೆ ಅದು ಹೇಳುವಷ್ಟನ್ನು ಬೇರಾವ ಅಗ್ಗದ ಪರೀಕ್ಷೆಯೂ ಹೇಳುವುದಿಲ್ಲ. ಒಬ್ಬರೇ ವ್ಯಕ್ತಿ, ತಳಿಯ ಹೆಸರು ನೋಡದೆ, ಎಲ್ಲ ಮಾದರಿಗಳನ್ನೂ ಮುರಿಯಲಿ.

ಹಂತ 8: ಪ್ರಯೋಗಾಲಯಕ್ಕೆ ಕಳಿಸುವುದು

ವಿಥನೊಲೈಡ್‌ಗಳನ್ನು ಎಚ್‌ಪಿಎಲ್‌ಸಿ ಯಂತ್ರದಿಂದ, ಅಂದರೆ ದ್ರಾವಣದಲ್ಲಿರುವ ರಾಸಾಯನಿಕಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ಯಂತ್ರದಿಂದ ಅಳೆಯುತ್ತಾರೆ. ಮಾದರಿಯೊಂದಕ್ಕೆ ಖರ್ಚು ಜಾಸ್ತಿ. ಆದ್ದರಿಂದ ಬಿಡಿ ಗಿಡಗಳನ್ನೆಲ್ಲ ಕಳಿಸುವ ಬದಲು ತಾಕಿಗೊಂದು ಮಿಶ್ರ ಮಾದರಿ ಮಾಡಿ: ತಾಕಿನ ಬೇರುಗಳಲ್ಲಿ ದಪ್ಪ, ಮಧ್ಯಮ, ತೆಳು ತುಂಡುಗಳನ್ನು ಅವು ಇರುವ ಪ್ರಮಾಣದಲ್ಲೇ ತೆಗೆದು ಪುಡಿಮಾಡಿ. ದಪ್ಪ ಬೇರಿನಿಂದ ಒಂದು ತಳಿಯ ಮಾದರಿ, ತೆಳುಬೇರಿನಿಂದ ಇನ್ನೊಂದರದು ಹೋದರೆ ಯಂತ್ರ ಎಷ್ಟು ನಿಖರವಾಗಿದ್ದರೂ ಉಪಯೋಗವಿಲ್ಲ. ನಾಲ್ಕೂ ಪುನರಾವರ್ತನೆಗಳ ಮಾದರಿಗಳನ್ನು ಬೇರೆಬೇರೆ ಕಳಿಸಿ. ಎಲ್ಲವನ್ನೂ ಬೆರೆಸಿ ಒಂದೇ ಅಂಕಿ ತಂದರೆ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತಿಳಿಯುವ ದಾರಿ ಮುಚ್ಚುತ್ತದೆ. ಚೀಟಿಯಲ್ಲಿ ತಳಿಯ ಹೆಸರಿನ ಬದಲು ಸಂಖ್ಯೆ ಮಾತ್ರ ಇರಲಿ. ಒಂದೇ ಪುಡಿಯನ್ನು ಎರಡು ಸಂಖ್ಯೆಗಳಲ್ಲಿ ಕಳಿಸಿ ಪ್ರಯೋಗಾಲಯದ ಅಂಕಿ ಎಷ್ಟು ನಂಬಬಹುದು ಎಂದೂ ನೋಡಿ.

ಭಾರತೀಯ ಆಯುರ್ವೇದ ಔಷಧ ಸಂಹಿತೆಯಂತೆ ಅಶ್ವಗಂಧದ ಬೇರಿನಲ್ಲಿ ಒಟ್ಟು ಬೂದಿ ಶೇ. 7ನ್ನೂ, ಆಮ್ಲದಲ್ಲಿ ಕರಗದ ಬೂದಿ ಶೇ. 1ನ್ನೂ ಮೀರಬಾರದು. ಎರಡನೆಯ ಅಂಕಿ ಏರಿದರೆ ಸಾಮಾನ್ಯವಾಗಿ ಬೇರಿಗೆ ಮಣ್ಣು ಅಂಟಿದೆ ಎಂದರ್ಥ, ತಳಿಯ ದೋಷವಲ್ಲ.

ಫಲಿತಾಂಶ ಬಂದಾಗ ಶೇಕಡಾವಾರು ಅಂಕಿಯೊಂದನ್ನೇ ನೋಡಬೇಡಿ. ಲೆಕ್ಕಕ್ಕಾಗಿ ಎರಡು ಕಲ್ಪಿತ ತಳಿಗಳನ್ನು ತೆಗೆದುಕೊಳ್ಳಿ. ‘ಅ’ ಹೆಕ್ಟೇರಿಗೆ 6 ಕ್ವಿಂಟಲ್ ಒಣಬೇರು ಕೊಡುತ್ತದೆ, ಅದರಲ್ಲಿ ವಿಥನೊಲೈಡ್ ಶೇ. 0.3: ಸಿಗುವ ಸತ್ವ 1.8 ಕೆ.ಜಿ. ‘ಆ’ 4 ಕ್ವಿಂಟಲ್ ಮಾತ್ರ ಕೊಡುತ್ತದೆ, ವಿಥನೊಲೈಡ್ ಶೇ. 0.6: ಸತ್ವ 2.4 ಕೆ.ಜಿ. ಸಾರ ತೆಗೆಯುವವರಿಗೆ ‘ಆ’ ಮೇಲು, ಬೇರು ಮಾರುವ ರೈತನಿಗೆ ‘ಅ’ ಮೇಲು. ಅವೆರಡನ್ನು ಸಂಕರಿಸುವುದು ತಳಿ ಅಭಿವೃದ್ಧಿಯವರ ಕೆಲಸ.

ಹಂತ 9: ಅಂಕಿಗಳನ್ನು ಮಾತನಾಡಿಸುವುದು

ಲೆಕ್ಕಕ್ಕೆ ಹೆದರಬೇಕಿಲ್ಲ. ಹಿಸಾರ್‌ನ ಹರಿಯಾಣ ಕೃಷಿ ವಿಶ್ವವಿದ್ಯಾಲಯದ ಓಪಿಸ್ಟ್ಯಾಟ್‌ನಂಥ ತಂತ್ರಾಂಶದಲ್ಲಿ ಅಂಕಿ ತುಂಬಿದರೆ ವ್ಯತ್ಯಾಸದ ವಿಶ್ಲೇಷಣೆಯ ಕೋಷ್ಟಕ ಬರುತ್ತದೆ. ಕೋಷ್ಟಕವನ್ನು ಓದುವುದು ಗೊತ್ತಿರಬೇಕು.

ಗಿಡವೊಂದರ ಒಣಬೇರಿನ ತೂಕದ ಮೇಲೆ ಒಂದು ಕಲ್ಪಿತ ಉದಾಹರಣೆ. ಎಂಟು ತಳಿ, ನಾಲ್ಕು ಪುನರಾವರ್ತನೆ, ಒಟ್ಟಾರೆ ಸರಾಸರಿ 2.8 ಗ್ರಾಂ. ತಳಿಗಳ ಸರಾಸರಿ ವರ್ಗ (ತಳಿಗಳ ನಡುವಿನ ವ್ಯತ್ಯಾಸದ ಅಳತೆ) 0.56, ದೋಷದ ಸರಾಸರಿ ವರ್ಗ (ಹೊಲ, ಆಕಸ್ಮಿಕಗಳಿಂದ ಬಂದ ವ್ಯತ್ಯಾಸದ ಅಳತೆ) 0.08. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 7. ಸ್ವಾತಂತ್ರ್ಯ ಮಟ್ಟಗಳು ಏಳು (ತಳಿಗಳ ಸಂಖ್ಯೆಗಿಂತ ಒಂದು ಕಡಿಮೆ) ಮತ್ತು ಇಪ್ಪತ್ತೊಂದು (ಆ ಏಳನ್ನು ಪುನರಾವರ್ತನೆಗಿಂತ ಒಂದು ಕಡಿಮೆಯಾದ ಮೂರರಿಂದ ಗುಣಿಸಿದ್ದು); ಇವಕ್ಕೆ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿರುವ ಎಫ್-ಕೋಷ್ಟಕದಲ್ಲಿ ಶೇ. 5ರ ಬೆಲೆ ಸುಮಾರು 2.49. ನಮ್ಮದು ಅದಕ್ಕಿಂತ ಹೆಚ್ಚು, ಆದ್ದರಿಂದ ತಳಿಗಳ ನಡುವೆ ನಿಜವಾದ ವ್ಯತ್ಯಾಸವಿದೆ.

ಯಾವುದರ ನಡುವೆ? ಅದಕ್ಕೆ ನಿರ್ಣಾಯಕ ವ್ಯತ್ಯಾಸ ಬೇಕು. 0.08ರ ಎರಡರಷ್ಟನ್ನು 4ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.2. ಅದನ್ನು ಇಪ್ಪತ್ತೊಂದು ಸ್ವಾತಂತ್ರ್ಯ ಮಟ್ಟಕ್ಕೆ ಟಿ-ಕೋಷ್ಟಕದಲ್ಲಿರುವ ಬೆಲೆಯಾದ 2.08ರಿಂದ ಗುಣಿಸಿದರೆ 0.42 ಗ್ರಾಂ. ಎರಡು ತಳಿಗಳ ಅಂತರ ಇದಕ್ಕಿಂತ ಕಡಿಮೆಯಿದ್ದರೆ ಅವು ಸಮ ಎಂದೇ ತಿಳಿಯಬೇಕು. 3.1 ಗ್ರಾಂನ ತಳಿಯನ್ನು 2.9 ಗ್ರಾಂನದಕ್ಕಿಂತ ಉತ್ತಮವೆಂದು ಸಾರುವುದು ತಪ್ಪು.

ಇನ್ನು ಮುಖ್ಯ ಪ್ರಶ್ನೆ: ಈ ವ್ಯತ್ಯಾಸದಲ್ಲಿ ಆನುವಂಶಿಕವಾದದ್ದು ಎಷ್ಟು? 0.56ರಿಂದ 0.08 ಕಳೆದು 4ರಿಂದ ಭಾಗಿಸಿ: 0.12. ಇದು ಆನುವಂಶಿಕ ವ್ಯತ್ಯಾಸ. ಅದಕ್ಕೆ 0.08 ಕೂಡಿಸಿದರೆ ಕಣ್ಣಿಗೆ ಕಾಣುವ ಒಟ್ಟು ವ್ಯತ್ಯಾಸ, 0.20. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆನುವಂಶೀಯತೆ 0.6, ಅಂದರೆ ಶೇ. 60. ಮೇಲಿನ ಶೇ. 5ನ್ನು ಆರಿಸಿದರೆ ಸಿಗುವ ನಿರೀಕ್ಷಿತ ಮುನ್ನಡೆ: ಶೇ. 5ರ ಆಯ್ಕೆಗೆ ನಿಗದಿಯಾದ ಗುಣಕವಾದ 2.06ನ್ನು 0.6ರಿಂದಲೂ, 0.20ರ ವರ್ಗಮೂಲವಾದ 0.447ರಿಂದಲೂ ಗುಣಿಸಿ, 0.55 ಗ್ರಾಂ. ಸರಾಸರಿಯ ಸುಮಾರು ಶೇ. 20. ಇಂಥ ಗುಣಕ್ಕೆ ನೇರ ಆಯ್ಕೆ ಫಲ ಕೊಡುವ ಭರವಸೆಯಿದೆ. ಆನುವಂಶೀಯತೆ ಹೆಚ್ಚಿದ್ದೂ ಮುನ್ನಡೆ ಕಡಿಮೆ ಬಂದರೆ ಆ ಗುಣದಲ್ಲಿ ವೈವಿಧ್ಯವೇ ಸಣ್ಣದು. ಹೊಸ ಸಂಗ್ರಹ ತರಬೇಕು.

ಗುಣಗಳ ನಡುವಿನ ಸಹಸಂಬಂಧವನ್ನೂ ನೋಡಿ. ಬೇರಿನ ದಪ್ಪಕ್ಕೂ ಒಣ ತೂಕಕ್ಕೂ ಹೊಂದಾಣಿಕೆ ಇದ್ದರೆ ಕೆಲಸ ಹಗುರ. ಒಣ ತೂಕ ಏರಿದಂತೆ ವಿಥನೊಲೈಡ್ ಇಳಿಯುತ್ತಿದ್ದರೆ, ಆ ಗೆರೆಯಿಂದ ಹೊರಗೆ ನಿಂತ, ತೂಕವೂ ಸತ್ವವೂ ಇರುವ ಒಂದೆರಡು ತಳಿಗಳೇ ನಿಮ್ಮ ಸಂಪತ್ತು.

ಒಂದು ವರ್ಷ, ಒಂದು ಹೊಲದ ಫಲಿತಾಂಶದ ಮೇಲೆ ತೀರ್ಪು ಬೇಡ. ಕನಿಷ್ಠ ಎರಡು ವರ್ಷ, ಎರಡು ಬಗೆಯ ಮಣ್ಣು: ಚಿತ್ರದುರ್ಗದ ಕಡೆಯ ಕೆಂಪು ಮಣ್ಣಿನಲ್ಲೂ ರಾಯಚೂರಿನ ಕಡೆಯ ಎರೆಮಣ್ಣಿನಲ್ಲೂ ಅದೇ ತಳಿಗಳನ್ನು ಬಿತ್ತಿ. ಒಂದೆಡೆ ಮೊದಲು ನಿಂತದ್ದು ಇನ್ನೊಂದೆಡೆ ಐದನೆಯದಾಗಬಹುದು. ಅದು ಸೋಲಲ್ಲ, ಆ ತಳಿಯನ್ನು ಎಲ್ಲಿಗೆ ಶಿಫಾರಸು ಮಾಡಬೇಕೆಂಬ ತಿಳಿವಳಿಕೆ.

ಹಂತ 10: ಹೋಲಿಕೆಯಿಂದ ಸಂಕರಣಕ್ಕೆ

ಮೊದಲು ಸುಲಭದ ದಾರಿ ನೋಡಿ. ರೈತರ ಬೀಜದಿಂದ ಬಂದ ಸಂಗ್ರಹದೊಳಗೇ ಕೆಲವು ಗಿಡಗಳು ಎದ್ದು ನಿಂತಿದ್ದರೆ, ಅವುಗಳ ಲಕೋಟೆಯ ಬೀಜವನ್ನು ಗಿಡಕ್ಕೊಂದು ಸಾಲಿನಂತೆ ಬಿತ್ತಿ, ಸಾಲು ಸಾಲನ್ನು ಹೋಲಿಸುತ್ತ ಹೋಗಿ. ಸ್ವಕೀಯ ಪರಾಗದ ಬೆಳೆಯಾದ್ದರಿಂದ ಶುದ್ಧ ಸಾಲಿನ ಆಯ್ಕೆ ಇಲ್ಲಿ ಬೇಗ ಫಲಿಸುತ್ತದೆ.

ಸಂಕರಣ ಬೇಕಾದಲ್ಲಿ, ಗುಣಗಳಲ್ಲಿ ದೂರವಿರುವ ಆದರೆ ತಮ್ಮತಮ್ಮ ಮಟ್ಟಿಗೆ ಚೆನ್ನಾಗಿರುವ ತಾಯಿತಂದೆಗಳನ್ನು ಆರಿಸಿ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆ ಗುರುತಿಸಿ, ಭೂತಗನ್ನಡಿಯ ಕೆಳಗೆ ಚೂಪು ಚಿಮಟದಿಂದ ಐದೂ ಕೇಸರಗಳನ್ನು ತೆಗೆದು ಚೀಲ ಕಟ್ಟಿ. ಮರುದಿನ ಬೆಳಿಗ್ಗೆ ತಂದೆ ತಳಿಯ ಆಗತಾನೆ ಅರಳಿದ ಹೂವಿನ ಪರಾಗವನ್ನು ಶಲಾಕೆಯ ತುದಿಗೆ ಮುಟ್ಟಿಸಿ, ಮತ್ತೆ ಚೀಲ ಕಟ್ಟಿ, ದಾರದಲ್ಲಿ ಚೀಟಿ ಹಾಕಿ. ಮೊಗ್ಗು ತೀರಾ ಚಿಕ್ಕದಾದ್ದರಿಂದ ಹಲವು ಉದುರುತ್ತವೆ. ಬೇಕಾದ್ದಕ್ಕಿಂತ ಬಹಳ ಹೆಚ್ಚು ಹೂಗಳಲ್ಲಿ ಮಾಡಿ. ಕಾಡುಬಗೆ ಮತ್ತು ಬೇಸಾಯದ ಬಗೆಗಳ ನಡುವೆ ಕಾಯಿ ಕಟ್ಟುವುದು ಇನ್ನೂ ಕಡಿಮೆ ಇರಬಹುದು. ಮೊದಲ ಪೀಳಿಗೆಯ ಗಿಡ ನಿಜವಾಗಿ ಸಂಕರವೇ ಎಂದು ತಿಳಿಯಲು, ತಾಯಿಯಲ್ಲಿ ಇಲ್ಲದ, ತಂದೆಯಲ್ಲಿ ಎದ್ದು ಕಾಣುವ ಒಂದು ಗುಣ ಮೊದಲೇ ನೋಡಿಟ್ಟುಕೊಳ್ಳಿ.

ಎರಡನೆಯ ಪೀಳಿಗೆಯಲ್ಲಿ ನೂರಾರು ಗಿಡ ಬೆಳೆಸಿ. ಗುಣಗಳು ಚದುರುವುದು ಅಲ್ಲೇ. ಆ ಪೀಳಿಗೆಯಲ್ಲಿ ರೋಗ, ಗಿಡದ ಆಕಾರ, ಬೇರಿನ ದಪ್ಪ ಮತ್ತು ಮುರಿತ ನೋಡಿ ಆರಿಸಿ. ದುಬಾರಿ ರಾಸಾಯನಿಕ ಪರೀಕ್ಷೆಯನ್ನು ಸಾಲುಗಳು ಸ್ಥಿರವಾಗುವ ನಾಲ್ಕು–ಐದನೆಯ ಪೀಳಿಗೆಗೆ ಉಳಿಸಿ. ಆರನೆಯ ಪೀಳಿಗೆಯ ಹೊತ್ತಿಗೆ ಸಾಲಿನ ಗಿಡಗಳು ಒಂದೇ ತೆರನಾಗಿ ನಿಂತರೆ ಅವನ್ನು ಮೂರು–ನಾಲ್ಕು ಜಾಗಗಳ ಪುನರಾವರ್ತನೆಯ ಪ್ರಯೋಗಕ್ಕೆ ಸೇರಿಸಿ.

ದಾಖಲೆ ಮತ್ತು ಹಕ್ಕು

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರ ಪ್ರಕಾರ ನೋಂದಣಿಯಾದ ತಳಿಯನ್ನೂ ಸಂಶೋಧನೆಗೆ, ಹೊಸ ತಳಿ ಹುಟ್ಟಿಸಲು ಮೂಲ ಸಾಮಗ್ರಿಯಾಗಿ ಬಳಸಬಹುದು. ಆದರೆ ಮಾರಾಟದ ತಳಿಯ ಬೀಜೋತ್ಪಾದನೆಗಾಗಿ ಅದನ್ನು ಮತ್ತೆಮತ್ತೆ ಪೋಷಕ ತಳಿಯಾಗಿ ಬಳಸಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಅದೇ ಕಾಯ್ದೆಯಡಿ ರೈತರು ಉಳಿಸಿಕೊಂಡು ಬಂದ ತಳಿಯನ್ನೂ ನೋಂದಾಯಿಸಬಹುದು. ನಿಮ್ಮ ಅತ್ಯುತ್ತಮ ಸಾಲು ಒಬ್ಬ ರೈತರ ಬೀಜದಿಂದ ಬಂದಿದ್ದರೆ ಆ ಮೂಲವನ್ನು ಮೊದಲ ದಿನದಿಂದಲೇ ದಾಖಲೆಯಲ್ಲಿ ಬರೆದಿಡಿ. ನ್ಯಾಯವಾಗಿ ಅವರಿಗೆ ಸಲ್ಲಬೇಕಾದದ್ದು ಆ ಒಂದು ಸಾಲಿನಿಂದಲೇ ಸಾಬೀತಾಗುತ್ತದೆ.

ನೋಂದಣಿಗೆ ಹೋಗುವಾಗ ತಳಿ ಬೇರೆಯವುಗಳಿಂದ ಭಿನ್ನ, ತನ್ನೊಳಗೆ ಏಕರೂಪ, ಪೀಳಿಗೆಯಿಂದ ಪೀಳಿಗೆಗೆ ಸ್ಥಿರ ಎಂದು ತೋರಿಸಬೇಕು. ಆರನೆಯ ಹಂತದಲ್ಲಿ ಬರೆದಿಟ್ಟ ಎಲೆ, ಕಾಯಿ, ಹೂವಿನ ದಿನಗಳ ಅಂಕಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಆಯ್ಕೆಯಾಗದ ಸಂಗ್ರಹಗಳ ಬೀಜವನ್ನು ಎಸೆಯಬೇಡಿ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ತಂಪಾಗಿಡಿ, ಒಂದು ಪಾಲನ್ನು ಸಂಗ್ರಹದ ವಿವರಗಳ ಸಮೇತ ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲಗಳ ಕೇಂದ್ರಕ್ಕೆ ಕಳಿಸಿ ಸಂಗ್ರಹ ಸಂಖ್ಯೆ ಪಡೆಯಿರಿ.